ಕೆಟ್ಟ ಪಿ53 ಜೀನ್ ಬದಲು ಒಳ್ಳೆಯದನ್ನು ಕೊಡಬಹುದಾ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮ ತಂದೆಗೆ 61 ವರ್ಷ, ಬಾಯಿ ಕ್ಯಾನ್ಸರ್. ಆಪರೇಷನ್‌ನಲ್ಲಿ ಗಡ್ಡೆ ತೆಗೆದಿದ್ದಾರೆ. ಮುಂದಿನ ವಾರದಿಂದ ರೇಡಿಯೇಶನ್. ಗಡ್ಡೆಯ ಜೀನ್ ಟೆಸ್ಟ್ ರಿಪೋರ್ಟಿನಲ್ಲಿ ಟಿಪಿ53 ಮ್ಯುಟೇಶನ್ (ಅಂದರೆ ಪಿ53 ಜೀನ್ ಕೆಟ್ಟಿದೆ) ಅಂತ ಬಂದಿದೆ. ಚೀನಾದಲ್ಲಿ ಈ ಜೀನನ್ನೇ ಇಂಜೆಕ್ಷನ್ ಕೊಡುತ್ತಾರೆ ಅಂತ ನಮ್ಮ ಮಾವ ಹೇಳುತ್ತಿದ್ದಾರೆ. ನಿಜವಾ? ರೇಡಿಯೇಶನ್ ಸ್ವಲ್ಪ ಮುಂದೆ ಹಾಕಿ ವಿಚಾರಿಸಬಹುದಾ?

ಉತ್ತರ (ಕ್ಯಾನ್ಸರ್ ವೈದ್ಯೆ): ದಯವಿಟ್ಟು ರೇಡಿಯೇಶನ್ ಮುಂದೆ ಹಾಕಬೇಡಿ. ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಸುಮಾರು 6 ವಾರದೊಳಗೆ ಅದು ಶುರುವಾಗಬೇಕು. ತಡವಾದರೆ ಗಡ್ಡೆ ಮರಳುವ ಅಪಾಯ ಜಾಸ್ತಿ.

ಮಾವ ಹೇಳಿದ್ದು ಸುಳ್ಳಲ್ಲ. ಜೆಂಡಿಸಿನ್ ಅನ್ನುವ ಔಷಧಿಗೆ ಚೀನಾ 2003ರಲ್ಲಿ ಅನುಮತಿ ಕೊಟ್ಟಿತು, ಅದೂ ತಲೆ-ಕತ್ತಿನ ಕ್ಯಾನ್ಸರ್‌ಗೇ. ನೆಗಡಿ ತರುವ ಅಡಿನೋವೈರಸ್ ಮೈಯಲ್ಲಿ ಹೆಚ್ಚದಂತೆ ಮಾಡಿ, ಅದರೊಳಗೆ ಒಳ್ಳೆಯ ಪಿ53 ಜೀನ್ ಇಟ್ಟು, ಗಡ್ಡೆಗೇ ಚುಚ್ಚುತ್ತಾರೆ. ಕೊಟ್ಟಿದ್ದು ರೇಡಿಯೇಶನ್ ಜೊತೆಗೆ, ಅದರ ಬದಲಿಗಲ್ಲ. ನಿಮ್ಮ ತಂದೆಯ ಗಡ್ಡೆ ತೆಗೆದಾಗಿದೆ, ಇನ್ನು ಚುಚ್ಚುವುದು ಎಲ್ಲಿಗೆ? ಇದೇ ಬಗೆಯ ಆಡ್ವೆಕ್ಸಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಗಲಿಲ್ಲ.

ಆದರೆ ಪಿ53 ಮತ್ತೆ ಕೆಲಸ ಮಾಡುವಂತೆ ಮಾಡುವ ದಾರಿಯ ಬಗ್ಗೆ ನನಗೆ ನಂಬಿಕೆ ಇದೆ. ಜೀವಕೋಶದ ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಅದರ ವಿಭಜನೆ ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಈ ಜೀನ್ ಕೆಟ್ಟಿರುತ್ತದೆ. 2007ರಲ್ಲಿ ಇಲಿಗಳ ಗಡ್ಡೆಯಲ್ಲಿ ಪಿ53 ಮತ್ತೆ ಕೆಲಸ ಮಾಡುವಂತೆ ಮಾಡಿ ನೋಡಿದರು. ಲಿಂಫೋಮಾದ (ಒಂದು ಬಗೆಯ ರಕ್ತದ ಕ್ಯಾನ್ಸರ್) ಕೋಶಗಳು ಸತ್ತವು. ಲಿವರ್ ಗಡ್ಡೆಯ ಕೋಶಗಳು ಸಾಯಲಿಲ್ಲ, ಬೆಳೆಯುವುದನ್ನು ನಿಲ್ಲಿಸಿದವು. ಆಮೇಲೆ ಇಲಿಯ ರೋಗನಿರೋಧಕ ಶಕ್ತಿಯೇ ಅವನ್ನು ತೆಗೆದುಹಾಕಿತು.

ಆ ಇಲಿಗಳ ಪ್ರತಿ ಗಡ್ಡೆ ಕೋಶದಲ್ಲೂ ಜೀನ್ ಆನ್ ಮಾಡುವ ಏರ್ಪಾಡು ಮೊದಲೇ ಇತ್ತು. ಮನುಷ್ಯರಲ್ಲಿ ವೈರಸ್ ಸೂಜಿ ಹೋದ ಕಡೆಯಷ್ಟೇ ಮುಟ್ಟುತ್ತದೆ. ತಪ್ಪಿಸಿಕೊಂಡ ಕೋಶಗಳು ಮತ್ತೆ ಬೆಳೆಯುತ್ತವೆ. ಇನ್ನೊಂದು ತೊಡಕೂ ಇದೆ. ಪಿ53 ಜೀನಿನಿಂದ ತಯಾರಾಗುವ ಪ್ರೋಟೀನು ನಾಲ್ಕು ಸೇರಿ ಕೆಲಸ ಮಾಡುತ್ತದೆ. ಒಳ್ಳೆಯದನ್ನು ಕಳಿಸಿದರೂ, ಕೋಶದಲ್ಲಿರುವ ಕೆಟ್ಟದ್ದು ಜೊತೆ ಸೇರಿ ಅದನ್ನೂ ಕೆಡಿಸಬಹುದು.

ಅದಕ್ಕೇ ಈಗ ಕೆಟ್ಟ ಪ್ರೋಟೀನನ್ನೇ ಸರಿಮಾಡುವ ಮಾತ್ರೆಗಳ ಪ್ರಯತ್ನ ನಡೆದಿದೆ. ರೆಜಟಾಪಾಪ್ಟ್ ಅಂಥದ್ದು. ಅದು ವೈ220ಸಿ ಎಂಬ ಒಂದೇ ಮ್ಯುಟೇಶನ್‌ಗೆ ಹೊಂದುತ್ತದೆ, ಆ ಮ್ಯುಟೇಶನ್ ಇರುವವರು ಕಡಿಮೆ. ನಿಮ್ಮ ರಿಪೋರ್ಟಿನಲ್ಲಿ ಟಿಪಿ53 ಪಕ್ಕದಲ್ಲಿ ಏನು ಬರೆದಿದೆ ನೋಡಿ, ನಿಮ್ಮ ಡಾಕ್ಟರ್‌ಗೂ ತೋರಿಸಿ.

ಇನ್ನೊಬ್ಬ ಸದಸ್ಯೆ: ಮೇಡಂ, ಅರಿಶಿನ ಪಿ53 ಹೆಚ್ಚಿಸುತ್ತದಂತೆ. ಮಾತ್ರೆ ತರಿಸಿ ಕೊಡಬಹುದಾ?

ಉತ್ತರ: ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಹಾಗೆ ಕಂಡಿದೆ. ಆದರೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಅಂಶ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸಾರಿಗೆ ಹಾಕುವ ಅರಿಶಿನಕ್ಕೆ ತೊಂದರೆ ಇಲ್ಲ. ಮಾತ್ರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಬೇಡ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ, ರೇಡಿಯೇಶನ್ ತಪ್ಪಿಸುವುದಿಲ್ಲ. ಈ ಮ್ಯುಟೇಶನ್ ನನಗೂ ತಂಗಿಗೂ ಬಂದಿರುತ್ತದಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಹೆಚ್ಚಿನವರಲ್ಲಿ ಅದು ಗಡ್ಡೆಯಲ್ಲೇ ಹುಟ್ಟಿದ್ದು, ಬಾಯಿ ಕ್ಯಾನ್ಸರ್‌ನಲ್ಲಿ ತಂಬಾಕು ದೊಡ್ಡ ಕಾರಣ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಮೂಳೆ, ಮೆದುಳು ಅಥವಾ ಸ್ತನದ ಕ್ಯಾನ್ಸರ್ ಆದವರಿದ್ದರೆ ತಂದೆಯ ರಕ್ತದಲ್ಲೂ ಟಿಪಿ53 ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ.