ಕೆನಡಾದಲ್ಲಿ ಹುಟ್ಟಿದ ಮೊಮ್ಮಗಳು, ಇಲ್ಲಿನ ಕಾಫಿ ತೋಟ

ಸುಂಟಿಕೊಪ್ಪದ ಅಕ್ಕಾ, ಕೆನಡಾದಲ್ಲಿ ಹುಟ್ಟಿದ ಮೊಮ್ಮಗಳಿಗೆ ಎರಡೂ ಕಡೆ ಪೌರತ್ವ ಇಟ್ಕೋಬಹುದಾ, ತೋಟ ಅವಳ ಹೆಸರಿಗೆ ಬರೆಯಬಹುದಾ ಅಂತ ಕೇಳಿದ್ರಲ್ಲ. ಸ್ವಲ್ಪ ಉದ್ದ ಆಗುತ್ತೆ, ಭಾವನವರಿಗೂ ಕೇಳಿಸಿ.

ಕೆನಡಾದ ನೆಲದಲ್ಲಿ ಹುಟ್ಟಿದ್ರೆ ಸಾಕು, ಅಪ್ಪ ಅಮ್ಮ ವರ್ಕ್ ಪರ್ಮಿಟ್ ಮೇಲಿದ್ರೂ ಮಗು ಅಲ್ಲಿನ ಪ್ರಜೆ. ನಮ್ಮಲ್ಲೂ 1987ರ ಜುಲೈ 1ರ ಮೊದಲು ಹುಟ್ಟಿದವರಿಗೆ ಹೀಗೇ ಇತ್ತು. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದ್ರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು.

ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ನಮ್ಮ ಪೌರತ್ವ ತಾನಾಗೇ ಬರಲ್ಲ. ಒಂದು ವರ್ಷದೊಳಗೆ ಅಲ್ಲಿರೋ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಣಿ ಮಾಡಿಸಬೇಕು. ಮಗು ಹೆಸರಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ಹಾಗಾಗಿ ಕೆನಡಾ ಪಾಸ್‌ಪೋರ್ಟ್ ಮೊದಲು ಮಾಡಿಸಿಬಿಟ್ರೆ ಈ ದಾರಿ ಮುಚ್ಚಿಹೋಗುತ್ತೆ, ಉಳಿಯೋದು ಒಸಿಐ ಕಾರ್ಡ್, ಅಂದ್ರೆ ಬೇರೆ ದೇಶದ ಪ್ರಜೆಯಾಗಿರೋ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡೋ ಕಾರ್ಡ್ ಮಾತ್ರ. ಅದು ಪೌರತ್ವ ಅಲ್ಲ, ಓಟು ಹಾಕೋಕೆ ಬರಲ್ಲ. ನೋಂದಣಿ ಮಾಡಿಸಿದ್ರೂ 18 ತುಂಬಿ ಆರು ತಿಂಗಳೊಳಗೆ ಕೆನಡಾ ಪೌರತ್ವ ಬಿಡಬೇಕು, ಇಲ್ಲಾಂದ್ರೆ ನಮ್ಮದು ಹೋಗುತ್ತೆ. ದುಬೈಯಲ್ಲಿರೋ ನಮ್ಮ ಮಕ್ಕಳೂ ಕೇಳಿಸ್ಕೊಳ್ಳಿ: ಅಲ್ಲಿ ಹುಟ್ಟಿದ್ದಕ್ಕೆ ನಮ್ಮವರ ಮಗುವಿಗೆ ಆ ದೇಶದ ಪೌರತ್ವ ಸಿಗಲ್ಲ. ವರ್ಷ ದಾಟಿದ್ರೆ ಇಲ್ಲಿನ ನೋಂದಣಿಗೂ ಕೇಂದ್ರ ಸರ್ಕಾರದ ಅನುಮತಿ ಬೇಕು.

ನಮ್ಮ ಕೊಡಗು ಜಿಲ್ಲೆಯವರು ಎಡವೋದು ಮನೆ ಹೆಸರಲ್ಲಿ. ನಮ್ಮಲ್ಲಿ ಅದು ಸ್ವಂತ ಹೆಸರಿಗಿಂತ ಮುಂದೆ ಬರುತ್ತೆ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಅದು ಸರ್‌ನೇಮ್ ಕಡೆ, ಅಮ್ಮನದ್ರಲ್ಲಿ ಗಿವನ್ ನೇಮ್ ಕಡೆ, ಮಗುವಿನ ಜನನ ಪತ್ರದಲ್ಲಿ ಬರೀ ಇನಿಷಿಯಲ್ ಇದ್ರೆ ನೋಂದಣಿ ಅರ್ಜಿ ವಾಪಸ್ ಬರಬಹುದು. ಜನನ ಪತ್ರಕ್ಕೆ ಹೆಸರು ಕೊಡುವಾಗಲೇ ಇಬ್ಬರ ಪಾಸ್‌ಪೋರ್ಟ್ ತೆರೆದಿಟ್ಟು ಅಕ್ಷರ ಅಕ್ಷರ ನೋಡಿ ಬರೆಸಲಿ.

ತೋಟದ ವಿಷಯ ಗಟ್ಟಿಯಾಗಿ ನೆನಪಿಟ್ಕೊಳ್ಳಿ ಅಕ್ಕ. ಒಸಿಐ ಇರೋರು ಕಾಫಿ ತೋಟ, ಗದ್ದೆ ಕೊಂಡ್ಕೊಳ್ಳೋ ಹಾಗಿಲ್ಲ, ದಾನಪತ್ರದಲ್ಲೂ ತಗೊಳ್ಳೋ ಹಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಕೊಂಡೇ ಹೊರಗೆ ನೆಲೆಸಿರೋ ಅಳಿಯನಿಗೂ ಇದೇ ನಿಯಮ. ಆದ್ರೆ ಉತ್ತರಾಧಿಕಾರದಲ್ಲಿ ಬಂದ್ರೆ ಅಡ್ಡಿ ಇಲ್ಲ. ಅದಕ್ಕೇ ಭಾವ ಸಬ್ ರಿಜಿಸ್ಟ್ರಾರ್ ಆಫೀಸಿಗೆ ದಾನಪತ್ರ ಮಾಡಿಸೋಕೆ ಹೋಗೋದು ಬೇಡ, ವಕೀಲರ ಹತ್ರ ಕೂತು ವಿಲ್ ಬರೆಸಲಿ. ಮುಂದೆ ಅವಳು ಮಾರೋದಾದ್ರೆ ಭಾರತದಲ್ಲೇ ವಾಸ ಇರೋರಿಗೇ ಮಾರಬೇಕು.

ಮಗುವಿಗೆ ಈಗ ಎಷ್ಟು ತಿಂಗಳು? ಕೆನಡಾ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ ಆಯ್ತಾ, ಇನ್ನೂ ಇಲ್ವಾ? ಮಗಳನ್ನ ಇವತ್ತೇ ಕೇಳಿ ಹೇಳಿ.