ಹದಿಮೂರರ ಪಿಚರ್‌ಗೆ ಮೊಣಕೈ ನೋವು: ಆಡಿಸಬಹುದೇ?

ಪ್ರಶ್ನೆ (ಪೋಷಕರು, ಸುರತ್ಕಲ್): ಹದಿಮೂರು ವರ್ಷದ ನನ್ನ ಮಗ ಶಾಲಾ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡು ಎಸೆಯುವವನು. ಪಂದ್ಯಾವಳಿ ಹತ್ತಿರವಿರುವುದರಿಂದ ದಿನವೂ ಅಭ್ಯಾಸ ನಡೆಯುತ್ತಿದ್ದು, ಮೊಣಕೈಯ ಒಳಬದಿ ನೋಯುತ್ತದೆ ಎನ್ನುತ್ತಾನೆ. ಮುಲಾಮು ಹಚ್ಚಿ ಆಡಿಸಬಹುದೇ?

ಉತ್ತರ (ಫಿಸಿಯೋಥೆರಪಿಸ್ಟ್, ಉಡುಪಿ): ದಯವಿಟ್ಟು ಆಡಿಸಬೇಡಿ. ಈ ವಯಸ್ಸಿನಲ್ಲಿ ಮೊಣಕೈಯ ಒಳಬದಿಯ ಬೆಳವಣಿಗೆಯ ಫಲಕ (ಮೂಳೆ ಬೆಳೆಯುವ ಮೃದು ಭಾಗ) ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲವಾದ್ದರಿಂದ, ಪ್ರತಿ ಎಸೆತದಲ್ಲೂ ಅಲ್ಲಿಗೆ ಅಂಟಿಕೊಂಡ ಸ್ನಾಯುಗಳೂ ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜೂ ಆ ಮೃದುಭಾಗವನ್ನೇ ಜಗ್ಗುತ್ತವೆ. ಮುಲಾಮು ನೋವನ್ನು ಮರೆಸೀತೇ ಹೊರತು ಆ ಎಳೆತವನ್ನು ತಗ್ಗಿಸದು. ಮೊದಲು ಮೂಳೆತಜ್ಞರಿಗೆ ತೋರಿಸಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 'ಪಿಚ್ ಸ್ಮಾರ್ಟ್' ಮಾರ್ಗಸೂಚಿ 13–14 ವರ್ಷದವರಿಗೆ ಪಂದ್ಯದ ದಿನ ಗರಿಷ್ಠ 95 ಎಸೆತಗಳ ಮಿತಿ ಹಾಕಿದೆ. 66 ಅಥವಾ ಹೆಚ್ಚು ಎಸೆದರೆ ಮುಂದಿನ 4 ದಿನ ಪಿಚಿಂಗ್‌ಗೆ ರಜೆ. ನಮ್ಮಲ್ಲಿ ರನ್ ಎಣಿಸುವವರು ಸಾಕಷ್ಟಿದ್ದಾರೆ, ಎಸೆತ ಎಣಿಸುವವರೇ ಇಲ್ಲ.

ಉತ್ತರ (ತರಬೇತುದಾರ, ಮಂಗಳೂರು): ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪಿಚರ್‌ನನ್ನೇ ಅದೇ ದಿನ ಕ್ಯಾಚರ್ (ಬ್ಯಾಟ್ ಹಿಡಿದವರ ಹಿಂದೆ ಚೆಂಡು ಹಿಡಿಯುವವನು) ಆಗಿ ನಿಲ್ಲಿಸುವ ರೂಢಿಯನ್ನೂ ಬಿಡಬೇಕು, ಏಕೆಂದರೆ ಪ್ರತಿ ಎಸೆತದ ಬಳಿಕ ಚೆಂಡನ್ನು ಮರಳಿಸುವ ಕ್ಯಾಚರ್‌ನ ತೋಳಿಗೂ ಬಿಡುವಿಲ್ಲ. 1920ರಲ್ಲಿ ರೇ ಚಾಪ್‌ಮನ್ ಎಂಬ ಆಟಗಾರ ತಲೆಗೆ ಚೆಂಡು ಬಡಿದು ತೀರಿಕೊಂಡದ್ದನ್ನು ನೆನೆದಾದರೂ, ಎರಡೂ ಕಿವಿ ಮುಚ್ಚುವ ಹೆಲ್ಮೆಟ್ ಇಲ್ಲದೆ ಯಾರನ್ನೂ ಬ್ಯಾಟಿಂಗ್‌ಗೆ ಇಳಿಸಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ಮೈ ಬಿಸಿಯೇರುವುದರಿಂದ, ಏಪ್ರಿಲ್–ಮೇ ತಿಂಗಳ ಅಭ್ಯಾಸವನ್ನು ಬೆಳಗ್ಗೆ ಎಂಟರೊಳಗೆ ಮುಗಿಸುವುದು ಒಳಿತು.

ಪೋಷಕರು: ಧನ್ಯವಾದಗಳು. ನಾಳೆಯೇ ವೈದ್ಯರಲ್ಲಿಗೆ ಹೋಗುತ್ತೇವೆ. ಶಾಲೆಗೂ ಪತ್ರ ಬರೆಯುತ್ತೇನೆ.