ಗಾಯರಾಣದಾಗ ಜೀಪು, ಬೈಕ್ ಹಾವಳಿ: ನೆಲಕ್ಕ, ಚಿಗರಿಗಿ ಆಗೋ ಹಾನಿ ಅಳದು ದಾಖಲೆ ಮಾಡೋದು ಹ್ಯಾಂಗ?

ಪ್ರಶ್ನೆ: ಗಾಯರಾಣ_ಬೀದರ

ಬೀದರ ತಾಲ್ಲೂಕಿನಾಗ ಜಂಬಿಟ್ಟಿಗೆ ಗುಡ್ಡದ ಮ್ಯಾಲ ಸುಮಾರು 200 ಎಕರೆ ಗಾಯರಾಣ (ದನ ಮೇಯಲಿಕ್ಕ ಬಿಟ್ಟ ಸರ್ಕಾರಿ ಜಾಗ), ಅದಕ್ಕ ಹತ್ತಿಕೊಂಡೇ ಅರಣ್ಯ ಇಲಾಖೆ ಜಾಗ. ಎರಡರಾಗೂ ಚಿಗರಿ (ಕೃಷ್ಣಮೃಗ) ಮೇಯ್ತಾವ. ಮಿರಗದ ಮಳಿ ಬಿದ್ದ ಮ್ಯಾಲ ಶನಿವಾರ, ಐತವಾರ ಫೋರ್‌ವೀಲ್ ಜೀಪು, ಬೈಕು ಬಂಡಿ ದಾರಿ ಬಿಟ್ಟು ಹುಲ್ಲಿನಾಗ ಇಳೀತಾವ. ಒಂದು ಜಾಡು ಕೆಸರಾದ್ರ ಮಗ್ಗಲದಾಗ ಇನ್ನೊಂದು ಬೀಳ್ತದ. ಒಂದೇ ದಾರಿ ಇದ್ದಲ್ಲಿ ಈಗ ಐದಾರು ಆಗ್ಯಾವ.

ಹೇಳಿದಲ್ಲೆಲ್ಲಾ "ದನ ತುಳದಾವ, ಮುರುಂ (ಗರಸು ಮಣ್ಣು) ಒಯ್ಯೋ ಟ್ರ್ಯಾಕ್ಟರ್ ಹೋಗಿರಬೇಕು" ಅನ್ನೋ ಮಾತೇ ಬರ್ತದ. ಅದಕ್ಕ ಲೆಕ್ಕ ಬೇಕಾಗ್ಯದ. ನಾಲ್ಕು ಮಂದಿ ವಾರಕ್ಕ ಒಂದು ದಿನ ಕೊಡ್ತಾರ, ಖರ್ಚು ಕಡಿಮಿ ಇರಬೇಕು. ನೆಲದ ಹಾನಿ ಹ್ಯಾಂಗ ಅಳೀಬೇಕು? ಚಿಗರಿ, ಟಿಟ್ಟಿಭ ಹಕ್ಕಿ ಇವಕ್ಕ ತ್ರಾಸ ಆಗೋದು ಗಾಡಿಯಿಂದನೇ ಅಂತ ಹ್ಯಾಂಗ ತೋರಿಸಬೇಕು? ಪ್ರಾಣಿ ಹಾದ್ರ ತಾನೇ ಫೋಟೋ ತೆಗಿಯೋ ಕ್ಯಾಮೆರಾ ಟ್ರ್ಯಾಪ್ ಹಾಕಬಹುದಾ?

ಉತ್ತರ 1: ಎರೆಮಣ್ಣು

ಜಾಡಿನ ಫೋಟೋ ಎಷ್ಟು ತೆಗೆದರೂ ಅದು ಲೆಕ್ಕವಾಗುವುದಿಲ್ಲ. ಗಾಡಿ ಇಳಿಯದ, ಆದರೆ ಅದೇ ಮಣ್ಣು, ಅದೇ ಇಳಿಜಾರು, ಅದೇ ದನಕುರಿಗಳ ಮೇವು ಇರುವ ಒಂದು ತುಂಡು ನೆಲವನ್ನು ಮೊದಲು ಹುಡುಕಿಕೊಳ್ಳಿ. "ದನ ತುಳಿದಿದ್ದು" ಎಂಬ ಮಾತಿಗೆ ಉತ್ತರ ಆ ತುಂಡಿನಲ್ಲೇ ಇದೆ. ದನ ಎರಡೂ ಕಡೆ ತುಳಿದಿರುತ್ತದೆ, ಗಾಡಿ ಒಂದೇ ಕಡೆ.

ನೆಲ ಅಳೆಯಲು ನನ್ನ ಮೊದಲ ಆಯ್ಕೆ ಜಾಡಿನ ಅಡ್ಡಸೀಳು. 12 ಮಿ.ಮೀ. ಸಲಾಕೆಯ 60 ಸೆಂ.ಮೀ. ತುಂಡು ಎರಡು ತೆಗೆದುಕೊಂಡು ಜಾಡಿನ ಎರಡೂ ಬದಿಗೆ, 3 ಮೀಟರ್ ಅಂತರದಲ್ಲಿ, ತಲೆ ನೆಲಕ್ಕೆ ಸಮನಾಗುವ ಹಾಗೆ ಹೊಡೆಯಿರಿ. ತಲೆ ಮೇಲೆ ಉಳಿದರೆ ದನದ ಕಾಲಿಗೆ ಚುಚ್ಚುತ್ತದೆ, ಗುಜರಿಗೂ ಹೋಗುತ್ತದೆ. ಎರಡರ ತಲೆಗೂ ತಾಗುವಂತೆ ದಾರ ಬಿಗಿದು, ಪ್ರತಿ 10 ಸೆಂ.ಮೀ.ಗೆ ದಾರದಿಂದ ನೆಲದವರೆಗಿನ ಆಳ ಬರೆಯಿರಿ. ಒಂದು ಸೀಳಿಗೆ 31 ಅಂಕಿ. ಮುಂದಿನ ವರ್ಷ ಅದೇ ದಾರ, ಅದೇ 31 ಅಂಕಿ. ಸರಾಸರಿ 4 ಸೆಂ.ಮೀ. ಇಳಿದಿದ್ದರೆ 3 ಮೀಟರ್ ಅಗಲದಲ್ಲಿ 0.12 ಚದರ ಮೀಟರ್ ಮಣ್ಣು ಹೋಗಿದೆ ಎಂದರ್ಥ. ಜಾಡಿನುದ್ದಕ್ಕೂ ಹಾಗೇ ಇದ್ದರೆ 100 ಮೀಟರಿಗೆ 12 ಘನ ಮೀಟರ್. 100 ಘನ ಅಡಿಯ ಟ್ರಾಲಿ ಲೆಕ್ಕದಲ್ಲಿ ನಾಲ್ಕು ಟ್ರಾಲಿ ದಾಟುತ್ತದೆ. ಗ್ರಾಮಸಭೆಯಲ್ಲಿ ಘನ ಮೀಟರ್ ಹೇಳಬೇಡಿ, ಟ್ರಾಲಿ ಹೇಳಿ.

ಇದರಲ್ಲಿ ತಪ್ಪುವುದು ಎರಡು ಕಡೆ. ಮೊಬೈಲ್ ಜಿಪಿಎಸ್ 3ರಿಂದ 5 ಮೀಟರ್ ಆಚೀಚೆ ತೋರಿಸುವುದರಿಂದ ಹುಲ್ಲಿನಲ್ಲಿ ಸಲಾಕೆ ಮತ್ತೆ ಸಿಗುವುದಿಲ್ಲ. ಅಲುಗದ ಬಂಡೆಯೊಂದರಿಂದ ಟೇಪಿನಲ್ಲಿ ದೂರ, ದಿಕ್ಸೂಚಿಯಲ್ಲಿ ಕೋನ ಬರೆದಿಡಿ. ಇನ್ನೊಂದು, ಗುಡ್ಡದ ಕೆಳಗಿನ ಎರೆಭೂಮಿ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಸಲಾಕೆಯೂ ಅದರ ಜೊತೆ ಏರಿಳಿಯುತ್ತದೆ. ಅಲ್ಲಿ ವರ್ಷವರ್ಷವೂ ಏಪ್ರಿಲ್‌ನಲ್ಲೇ ಅಳೆಯಿರಿ. ಆಗಸ್ಟ್ ಅಂಕಿಗೆ ಏಪ್ರಿಲ್ ಅಂಕಿ ಹೋಲಿಸಿದರೆ ಮಣ್ಣಿನ ಉಸಿರಾಟ ಅಳೆದ ಹಾಗಾಗುತ್ತದೆಯೇ ಹೊರತು ಗಾಡಿಯ ಹಾನಿಯನ್ನಲ್ಲ.

ನೀರು ಇಂಗುವುದನ್ನೂ ನೋಡಿ. 15 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪಿನ ತುಂಡನ್ನು ಅಂಚು ಅರೆದು 5 ಸೆಂ.ಮೀ. ಆಳಕ್ಕೆ ಕೂರಿಸಿ. ಮೇಲೆ ಹಲಗೆ ಇಟ್ಟು ಬಡಿಯಿರಿ, ಇಲ್ಲದಿದ್ದರೆ ಪೈಪ್ ಸೀಳುತ್ತದೆ. 440 ಮಿ.ಲೀ. ಸುರಿದರೆ 2.5 ಸೆಂ.ಮೀ. ನೀರು ನಿಲ್ಲುತ್ತದೆ. ಮೊದಲ ಸುರಿ ನೆಲ ತೋಯಿಸಲು, ಎರಡನೆಯದು ಇಂಗಲು ಹಿಡಿದ ಸಮಯ ಬರೆಯಲು. ಗಾಲಿ ಬಿದ್ದ ಗೆರೆಯ ಮೇಲೊಂದು, 5 ಮೀಟರ್ ಆಚೆ ಒಂದು, 25 ಮೀಟರ್ ಆಚೆ ಒಂದು. ಇಂಥ ಹತ್ತು ಸಾಲು ಸಾಕು. ಒಣಗಿದ ಎರೆಭೂಮಿಯಲ್ಲಿ ಮಾತ್ರ ಇದನ್ನು ಮಾಡಬೇಡಿ, ನೀರೆಲ್ಲ ಬಿರುಕಿಗೆ ಇಳಿದು ಸುಳ್ಳು ಅಂಕಿ ಬರುತ್ತದೆ. ಗುಡ್ಡದ ಮೇಲಿನ ಇಂಗುವಿಕೆ ಸಣ್ಣ ಸಂಗತಿಯಲ್ಲ. ನೌಬಾದಿನ ಕರೇಜ್ (ನೆಲದಡಿಯ ಹಳೆಯ ನೀರಿನ ಸುರಂಗ) ಹರಿದದ್ದು ಇದೇ ಜಂಬಿಟ್ಟಿಗೆ ಕುಡಿದ ಮಳೆಯಿಂದ.

ಮಣ್ಣಿನ ಗಟ್ಟಿತನಕ್ಕೆ ಕೊಳವೆ ಹೊಡೆದು ಮಾದರಿ ತೆಗೆಯುವ ಪದ್ಧತಿ ಮುರುಂನಲ್ಲಿ ನಡೆಯುವುದಿಲ್ಲ, ಹರಳು ಅಡ್ಡ ಬರುತ್ತದೆ. 10 ಸೆಂ.ಮೀ. ಆಳದ ಸಣ್ಣ ಕುಣಿ ತೋಡಿ ಮಣ್ಣನ್ನೆಲ್ಲ ಚೀಲಕ್ಕೆ ಹಾಕಿ, ಕುಣಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಬಾಯಿಮಟ್ಟ ತುಂಬಲು ಎಷ್ಟು ಮಿ.ಲೀ. ನೀರು ಬೇಕಾಯಿತು ಎಂದು ಅಳೆಯಿರಿ. ಅದೇ ಕುಣಿಯ ಗಾತ್ರ. ಮಣ್ಣನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ, ಗ್ರಾಂ ಅನ್ನು ಮಿ.ಲೀ.ನಿಂದ ಭಾಗಿಸಿ. ಅಂಕಿ ಹೆಚ್ಚಿದಷ್ಟೂ ಮಣ್ಣು ಗಟ್ಟಿಯಾಗಿದೆ ಎಂದರ್ಥ.

ಉಪಗ್ರಹ ಚಿತ್ರದ ಬಗ್ಗೆ ಒಂದೇ ಮಾತು: ಸೆಂಟಿನೆಲ್-2ರ ಒಂದು ಚುಕ್ಕಿ 10 ಮೀಟರ್, ಅದರಲ್ಲಿ ಒಂಟಿ ಜೀಪ್ ಜಾಡು ಕಾಣುವುದಿಲ್ಲ. ಗೂಗಲ್ ಅರ್ತ್ ಪ್ರೋದಲ್ಲಿ ಹಳೆಯ ವರ್ಷಗಳ ಚಿತ್ರ ತೆರೆದು, ಒಂದೇ ಎತ್ತರದಿಂದ ಜಾಡುಗಳನ್ನು ಗೆರೆ ಎಳೆದು ಒಟ್ಟು ಉದ್ದ ತೆಗೆಯಿರಿ. ಕುರಿ ಹಾದಿ, ಒಡ್ಡು ಕೂಡ ಹಾಗೇ ಕಾಣುವುದರಿಂದ 30 ಜಾಗಕ್ಕಾದರೂ ಕಾಲಲ್ಲಿ ಹೋಗಿ ನೋಡಿ ಬನ್ನಿ.

ಉತ್ತರ 2: ತೋಳದ_ಹೆಜ್ಜೆ

ಪ್ರಾಣಿಗಳ ಲೆಕ್ಕದಲ್ಲಿ ಮೋಸ ಹೋಗುವುದು ಸುಲಭ. ಡಿಸೆಂಬರ್‌ನಲ್ಲಿ ಗುಡ್ಡದ ಮೇಲೆ ಚಿಗರಿ ಕಡಿಮೆಯಾದರೆ ಅದಕ್ಕೆ ಗಾಡಿಯೇ ಕಾರಣ ಎನ್ನಲಾಗದು. ಅವು ಕೆಳಗಿನ ಕಡಲೆ, ಜೋಳದ ಹೊಲಕ್ಕೆ ಇಳಿದಿರುತ್ತವೆ. ಮಳೆ ತಡವಾದ ವರ್ಷ ಹುಲ್ಲೇ ಇರುವುದಿಲ್ಲ. ಹಾಗಾಗಿ ವರ್ಷಕ್ಕೆ ವರ್ಷ ಹೋಲಿಸುವ ಮೊದಲು ವಾರದೊಳಗೇ ಹೋಲಿಸಿ. ನಿಮ್ಮಲ್ಲಿ ಗಾಡಿ ಬರುವುದು ಶನಿವಾರ, ಭಾನುವಾರ. ಗುರುವಾರ ಬೆಳಗ್ಗೆ, ಭಾನುವಾರ ಬೆಳಗ್ಗೆ, ಮಂಗಳವಾರ ಬೆಳಗ್ಗೆ ಅದೇ ಮೂರು ದಿಬ್ಬಗಳಿಂದ 6.30ರಿಂದ 8.30ರವರೆಗೆ ಎಣಿಸಿ. ಹುಲ್ಲು, ಬೆಳೆ ಆ ಐದು ದಿನದಲ್ಲಿ ಅಷ್ಟಾಗಿ ಬದಲಾಗುವುದಿಲ್ಲ, ಬದಲಾಗುವುದು ಗಾಡಿ. ಇಂಥ ಎಂಟು ಹತ್ತು ವಾರ ಸೇರಿದರೆ ಮಾತಿಗೆ ತೂಕ ಬರುತ್ತದೆ. ವಾರಕ್ಕೆ ಒಂದೇ ದಿನ ಸಾಲುವುದಿಲ್ಲ, ನಾಲ್ವರೂ ದಿನ ಹಂಚಿಕೊಳ್ಳಿ. ಆದರೆ ಒಬ್ಬರಿಗೆ ಒಂದೇ ದಿನವನ್ನು ಕಾಯಂ ಮಾಡಬೇಡಿ, ಅದಲುಬದಲು ಮಾಡಿ. ಇಲ್ಲವಾದರೆ ಕಣ್ಣು ಚುರುಕಿದ್ದವರ ದಿನ ಚಿಗರಿ ಹೆಚ್ಚಿದಂತೆ ಕಾಣುತ್ತದೆ. ಭಾನುವಾರ ಕುರಿ, ದನ ಎಷ್ಟಿದ್ದವು ಎಂಬುದನ್ನೂ ಬರೆಯಲೇಬೇಕು.

ಹಿಂಡು ಕಂಡಾಗ ಕಪ್ಪು ಗಂಡು, ಕಂದು ಬಣ್ಣದ ಎಳೆ ಗಂಡು, ಹೆಣ್ಣು, ಮರಿ ಎಂದು ಬಿಡಿಸಿ ಬರೆಯಿರಿ. ಹುಟ್ಟಿದ ಮೊದಲ ದಿನಗಳಲ್ಲಿ ಮರಿ ಓಡುವುದಿಲ್ಲ, ಹುಲ್ಲಿನಲ್ಲಿ ಕಿವಿ ಮಡಚಿ ನೆಲಕ್ಕಂಟಿ ಮಲಗಿರುತ್ತದೆ, ತಾಯಿ ದೂರ ಮೇಯುತ್ತಿರುತ್ತದೆ. ಜೀಪಿನ ಮೇಲಿನಿಂದ ಅದು ಕಾಣುವ ಮಾತೇ ಇಲ್ಲ. ಹುಲ್ಲಿಗೆ ಇಳಿದ ಗಾಡಿಯ ದೊಡ್ಡ ಅಪಾಯ ಇದೇ. ಗಂಡುಗಳು ತಮ್ಮ ಜಾಗದ ಗುರುತಿಗೆ ಒಂದೇ ಕಡೆ ಹಿಕ್ಕೆ ಹಾಕಿ ಗುಪ್ಪೆ ಮಾಡುತ್ತವೆ. ಆ ಗುಪ್ಪೆಗಳನ್ನು ನಕ್ಷೆಗೆ ಹಾಕಿ ತಿಂಗಳಿಗೊಮ್ಮೆ ಹೊಸ ಹಿಕ್ಕೆ ಇದೆಯೇ ನೋಡಿ. ಜಾಡಿನ ಪಕ್ಕದ ಗುಪ್ಪೆಗಳು ಒಣಗಿ ಬಿಳಿಚಿಕೊಂಡು, ದೂರದವು ಹಸಿಯಾಗಿದ್ದರೆ ಅದು ಎಣಿಕೆಗಿಂತ ಗಟ್ಟಿ ಸಾಕ್ಷಿ.

ಸಾಲುನಡಿಗೆ (ನೇರ ಗೆರೆ ಹಿಡಿದು ನಡೆಯುತ್ತ ಎಣಿಸುವುದು) ಮಾಡುವುದಿದ್ದರೆ ಗಾಡಿ ಜಾಡಿನ ಮೇಲೇ ನಡೆಯಬೇಡಿ. ನಡೆಯಲು ಹಿತ, ಲೆಕ್ಕಕ್ಕೆ ಕೆಡುಕು. ಪ್ರಾಣಿ ಎಲ್ಲಿಂದ ದೂರ ಸರಿದಿದೆಯೋ ಅಲ್ಲಿಂದಲೇ ಎಣಿಸಿದಂತಾಗುತ್ತದೆ. ಗೆರೆಯಿಂದ ಹಿಂಡಿಗೆ ಇರುವ ನೇರ ಅಡ್ಡ ದೂರವನ್ನು ಬರೆದು ಸಾಂದ್ರತೆ (ಇಂತಿಷ್ಟು ಜಾಗಕ್ಕೆ ಎಷ್ಟು ಪ್ರಾಣಿ) ತೆಗೆಯುವುದಾದರೆ 60ರಿಂದ 80 ಸಲವಾದರೂ ಹಿಂಡು ಕಂಡಿರಬೇಕು. ಅಷ್ಟಿಲ್ಲದೆ ಸಾಂದ್ರತೆಯ ಅಂಕಿ ಕೊಡಬೇಡಿ.

ಹಳದಿ ಟಿಟ್ಟಿಭ ಬೇಸಿಗೆಯಲ್ಲಿ ಬೋಳು ಮುರುಂ ನೆಲದ ಮೇಲೆ, ಗೂಡು ಎನ್ನುವಂಥದ್ದೇನೂ ಕಟ್ಟದೆ, ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ, ಚುಕ್ಕೆ ಥೇಟ್ ಹರಳಿನದು. ಗೂಡು ಸಿಕ್ಕರೆ ಹತ್ತಿರ ಕಡ್ಡಿ ನೆಡುವುದು, ಸುತ್ತ ಕಲ್ಲಿಡುವುದು ಬೇಡ. ಕಾಗೆ, ನರಿ ಗುರುತು ಕಲಿಯುತ್ತವೆ. ಜಿಪಿಎಸ್ ತೆಗೆದುಕೊಂಡು 4–5 ದಿನಕ್ಕೊಮ್ಮೆ ದುರ್ಬೀನಿನಲ್ಲಿ ದೂರದಿಂದಲೇ ನೋಡಿ. ಕಾವು ಮುಗಿದು ಹಕ್ಕಿ ಗೂಡು ಬಿಟ್ಟುಹೋದ ಮೇಲೆ ಮಾತ್ರ ಹತ್ತಿರ ಹೋಗಿ. ಗಾಲಿ ಹರಿದಿದ್ದರೆ ಟೈರಿನ ಗೆರೆಯೊಳಗೇ ಲೋಳೆ ಒಣಗಿ ಸಿಪ್ಪೆ ಮಣ್ಣಿಗೆ ಅಂಟಿರುತ್ತದೆ. ಮರಿ ಒಡೆದು ಹೊರಬಂದಿದ್ದರೆ ತಗ್ಗಿನಲ್ಲಿ ಸಿಪ್ಪೆಯ ಸಣ್ಣ ಚೂರಷ್ಟೇ. ದನ ತುಳಿದಿದ್ದರೆ ಗೊರಸಿನ ಗುರುತು. ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ.

ತೋಳದ ಬಿಲ, ಗೂಡುಗಳ ಜಾಗವನ್ನು ಇಲ್ಲಿ ಹಾಕಬೇಡಿ, ವಾಟ್ಸಾಪ್ ಗುಂಪಿಗೂ ಬೇಡ.

ಉತ್ತರ 3: ಶಹಾಪುರ_ಕ್ಯಾಮೆರಾ

ಕ್ಯಾಮೆರಾ ಟ್ರ್ಯಾಪ್ ಹಾಕಬಹುದು ಖರೆ, ಆದ್ರ ನಮ್ಮ ಕಡಿ ಬಿಸಿಲು ತಿಳ್ಕೊಂಡು ಹಾಕ್ರಿ. ಅದರೊಳಗಿನ ಸೆನ್ಸರ್ ನೋಡೋದು ಸುತ್ತಲ ಬಿಸಿಗೂ ಪ್ರಾಣಿ ಮೈ ಬಿಸಿಗೂ ಇರೋ ಫರಕು. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದ್ರ ಆ ಫರಕೇ ಉಳಿಯಂಗಿಲ್ಲ, ಚಿಗರಿ ಎದುರು ಹಾದುಹೋದ್ರೂ ಫೋಟೋ ಬೀಳಲ್ಲ. ಬಿಸಿ ಎಂಜಿನ್ ಗಾಡಿ ಮಾತ್ರ ಬೀಳ್ತದ. ಹಿಂಗಾಗಿ "ಮಧ್ಯಾಹ್ನ ಪ್ರಾಣಿ ಇಲ್ಲ, ಬರೇ ಗಾಡಿ" ಅಂತ ತಪ್ಪು ಲೆಕ್ಕ ಬರ್ತದ. ಬ್ಯಾಸಗಿ ಮಧ್ಯಾಹ್ನದ ಪ್ರಾಣಿ ಲೆಕ್ಕ ಬಿಟ್ಟುಬಿಡ್ರಿ.

ಪೂರ್ವ, ಪಶ್ಚಿಮಕ್ಕ ಮುಖ ಮಾಡಬ್ಯಾಡ್ರಿ, ಉತ್ತರಕ್ಕ ಮಾಡ್ರಿ. ಎದುರಿನ 3 ಮೀಟರ್ ಕರಡದ ಹುಲ್ಲು ಕೊಯ್ರಿ, ಇಲ್ಲಂದ್ರ ಗಾಳಿಗಿ ಹುಲ್ಲು ಆಡಿದಂಗೆಲ್ಲಾ ಫೋಟೋ ಬಿದ್ದು ಎರಡೇ ದಿನದಾಗ ಕಾರ್ಡ್ ತುಂಬ್ತದ. ಪ್ರಾಣಿಗಿ ಅರ್ಧ ಮೀಟರ್ ಎತ್ತರ ಸಾಕು. ಗುಡ್ಡದ ಮ್ಯಾಲ ಗಿಡ ಇಲ್ಲದಲ್ಲಿ ಕಬ್ಬಿಣದ ಆಂಗಲ್ ಹುಗೀರಿ, ಕೇಬಲ್ ಬೀಗ ಹಾಕ್ರಿ. ಅರಣ್ಯದ ಜಾಗದಾಗ ಇಲಾಖೆ ಅನುಮತಿ ಕಾಗದ ಇಲ್ಲದ ಒಂದೂ ಹಾಕಬ್ಯಾಡ್ರಿ.

ಇನ್ನೊಂದು ಮಾತು, ಇದನ್ನ ಮರೀಬ್ಯಾಡ್ರಿ. ಹೆಣ್ಣಮಕ್ಕಳು ನಸುಕಿನಾಗ ಬಯಲಕಡಿ ಹೋಗೋ ದಾರಿಗಿ ಕ್ಯಾಮೆರಾ ಮುಖ ಮಾಡಬಾರದು. ಎಲ್ಲಿ ಇಡ್ತೀರಿ ಅನ್ನೋದು ಊರಾಗ ಹಿರಿಯ ಹೆಣ್ಣಮಕ್ಕಳಿಗಿ, ಕುರಿಗಾರರಿಗಿ ಮೊದಲೇ ಹೇಳ್ರಿ.

ಗಾಡಿ ಎಣಿಸಲಿಕ್ಕ ಕ್ಯಾಮೆರಾನೇ ಬೇಕಂತಿಲ್ಲ. ಒಳಗ ಬರೋ ಬಾಯಿಗಿ ದಾರಿಗಡ್ಡ 2 ಮೀಟರ್ ಅಗಲದ ಪಟ್ಟಿ ಹಸನ ಮಾಡಿ, ಹರಳು ತೆಗದು, ಸಾಣಿಸಿದ ಸಣ್ಣ ಮಣ್ಣು ಹರವಿ, ಶುಕ್ರವಾರ ಸಂಜಿಕ ಕಸಬರಗಿಲೆ ಗುಡಿಸಿ ಬರ್ರಿ. ಶನಿವಾರ ಸಂಜಿಕ, ಐತವಾರ ಸಂಜಿಕ ನೋಡಿ, ಫೋಟೋ ತೆಗದು, ಮತ್ತ ಗುಡಿಸ್ರಿ. ಟ್ರ್ಯಾಕ್ಟರ್ ಹಿಂದಿನ ಗಾಲಿ ದಪ್ಪ ಓರೆ ಕಟ್ಟು ಬಿಡ್ತದ, ಮುಂದಿನ ಸಣ್ಣ ಗಾಲಿ ಉದ್ದ ಗೆರಿ. ಜೀಪಿನವು ನಾಲ್ಕೂ ಒಂದೇ ಅಗಲ. ಡರ್ಟ್ ಬೈಕಿನ ಗಾಲಿ ಬಿಡಿ ಬಿಡಿ ಚೌಕ ಗುಂಡಿ ಒತ್ತಿ ಹೋಗ್ತದ, ಕುರಿಗಾರರ ಸಾದಾ ಬೈಕಿನ ಗೆರಿ ಸಪಾಟ ಇರ್ತದ. "ಟ್ರ್ಯಾಕ್ಟರ್ ಹೋಗಿದ್ದು" ಅನ್ನೋರಿಗಿ ಈ ಪಟ್ಟಿ ಫೋಟೋ ತೋರಿಸ್ರಿ. ಮಳಿ ಬಿದ್ದ ದಿನ ಪಟ್ಟಿ ಅಳಸ್ತದ. ಅವತ್ತಿನ ಲೆಕ್ಕ ಸೊನ್ನೆ ಅಂತ ಬರೀಬ್ಯಾಡ್ರಿ, "ಲೆಕ್ಕ ಇಲ್ಲ" ಅಂತ ಬರೀರಿ.

ಡ್ರೋನ್ ಆಸೆ ಬಿಡ್ರಿ. ಬೀದರದಾಗ ವಾಯುಪಡೆ ತರಬೇತಿ ನಿಲ್ದಾಣ ಅದ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ, ಅನುಮತಿ ಇಲ್ಲದೆ ಎತ್ತಿದ್ರ ಕೇಸ್ ನಿಮ್ಮ ಮ್ಯಾಲೇ ಆಗ್ತದ. ಅದರ ಸಪ್ಪಳಕ್ಕ ಚಿಗರಿನೂ ಓಡ್ತಾವ.

ಮರುಪ್ರಶ್ನೆ: ಗಾಯರಾಣ_ಬೀದರ

ಭಾಳ ಉಪಕಾರ ಆಯ್ತ್ರಿ ಎಲ್ಲರಿಗೂ. ಗುಡಿಸೋ ಪಟ್ಟಿ, ಅಡ್ಡಸೀಳು ಈ ವಾರದಿಂದನೇ ಸುರು ಮಾಡ್ತೀವಿ. ಲೆಕ್ಕ ಕೈಗಿ ಬಂದ ಮ್ಯಾಲ ಯಾರಿಗಿ ಕೊಡಬೇಕು? ದಾರಿಗಿ ಕಂದಕ ತೋಡಿದ್ರ ನಡೀತದಾ?

ಉತ್ತರ 4: ಪಹಣಿ_ನೋಡಿ

ಕೊಡುವ ಮೊದಲು ಜಾಗ ಯಾರದು ಎಂದು ಗೊತ್ತು ಮಾಡಿಕೊಳ್ಳಿ. ಜಾಡಿನ ಮೇಲೆ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಬರುತ್ತದೆ, ಆ ನಂಬರಿನ ಪಹಣಿ ತೆಗೆಸಿ. ನಿಮ್ಮದರಂತೆ ಎರಡು ಬಗೆಯ ಜಾಗ ಸೇರಿರುವಲ್ಲಿ ಪ್ರತಿ ಅಳತೆಯ ಎದುರಿಗೂ ಸರ್ವೆ ನಂಬರ್ ಇರಬೇಕು. ಇಲ್ಲವಾದರೆ ಕಂದಾಯದವರು ಅರಣ್ಯದತ್ತ, ಅರಣ್ಯದವರು ಕಂದಾಯದತ್ತ ಕೈ ತೋರಿಸಲು ದಾರಿಯಾಗುತ್ತದೆ. ಮೀಸಲು ಅರಣ್ಯದ ಭಾಗಕ್ಕೆ ಕರ್ನಾಟಕ ಅರಣ್ಯ ಕಾಯ್ದೆ, 1963ರ ಸೆಕ್ಷನ್ 24 (ಅಲ್ಲಿ ಏನು ಮಾಡಬಾರದು ಎನ್ನುವುದು) ಇದೆ, ಅರ್ಜಿ ವಲಯ ಅರಣ್ಯಾಧಿಕಾರಿಗೆ. ಗಾಯರಾಣಕ್ಕೆ ಭೂಕಂದಾಯ ಕಾಯ್ದೆ, 1964ರ ಸೆಕ್ಷನ್ 71: ದನದ ಮೇವಿಗೆಂದು ಬಿಟ್ಟ ಜಾಗವನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಅರ್ಜಿ ತಹಶೀಲ್ದಾರರಿಗೆ, ಪ್ರತಿಗಳು ಗ್ರಾಮ ಪಂಚಾಯಿತಿಗೂ ಅದರ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ.

ಜಾಗ ಯಾರದಾದರೂ ಚಿಗರಿಗೆ ಕಾನೂನು ಒಂದೇ. ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿದೆ. ಆ ಕಾಯ್ದೆಯ ಸೆಕ್ಷನ್ 2(16)ರಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಕೊಲ್ಲಲು, ಹಿಡಿಯಲು ಅಟ್ಟಿಸಿಕೊಂಡು ಹೋಗುವುದೂ, ಕಾಡು ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದೂ, ಗೂಡು ಕದಡುವುದೂ ಸೇರುತ್ತದೆ. ಮೊಟ್ಟೆಯ ಆ ಫೋಟೋ ಬೆಲೆಬಾಳುವುದು ಇದಕ್ಕೇ. ಆದರೆ ವಾಟ್ಸಾಪಿನಲ್ಲಿ ಸಾದಾ ಫೋಟೋ ಆಗಿ ಕಳಿಸಿದರೆ ದಿನಾಂಕ, ಜಾಗದ ಮಾಹಿತಿ ಕಳಚಿಹೋಗುತ್ತದೆ. ಮೂಲ ಫೈಲನ್ನು ಕಾರ್ಡಿನಲ್ಲೇ ಉಳಿಸಿ, ನಕಲಿನಲ್ಲಿ ಕೆಲಸ ಮಾಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದದ್ದು) ಕೇಳುತ್ತಾರೆ.

ಅರ್ಜಿಯಲ್ಲಿ ಹಾನಿ ಹೇಳಿ ನಿಲ್ಲಿಸದೆ, ಇಷ್ಟು ಹಾನಿ ಕಂಡರೆ ಇಷ್ಟು ಜಾಗ ಮುಚ್ಚಿ ಎಂದು ಕೇಳಿ. ಅಮೆರಿಕದ ಮರುಭೂಮಿಯ ಸರ್ಕಾರಿ ಜಮೀನಿನಲ್ಲಿ ಇದಕ್ಕೆ ಆಧಾರವಾದದ್ದು ಎರಡು ಅಧ್ಯಕ್ಷೀಯ ಆದೇಶಗಳು. 1972ರ 11644ನೇ ಆದೇಶ ಇಂಥ ಗಾಡಿಗಳ ಪರಿಣಾಮವನ್ನು ಇಲಾಖೆಯೇ ಗಮನಿಸುತ್ತಿರಬೇಕು ಎಂದಿತು. 1977ರ 11989ನೆಯದು ಗಣನೀಯ ಹಾನಿ ಕಂಡರೆ ಆ ಜಾಗವನ್ನು ತಕ್ಷಣ ಮುಚ್ಚಬೇಕು ಎಂದಿತು. ಒಣನೆಲ ಎಷ್ಟು ನಿಧಾನ ಮಾಯುತ್ತದೆ ಎಂಬುದಕ್ಕೂ ಅಲ್ಲಿಯ ಮೊಹಾವೆ ಮರುಭೂಮಿಯೇ ಉದಾಹರಣೆ: 1942–44ರ ಸೇನಾ ತರಬೇತಿಯ ಟ್ಯಾಂಕ್ ಜಾಡುಗಳು ದಶಕಗಳ ನಂತರವೂ ಕಾಣುತ್ತಿದ್ದವು. ನಮ್ಮಲ್ಲಿ ಮಳೆ ಹೆಚ್ಚು, ಹುಲ್ಲು ಬೇಗ ಬರುತ್ತದೆ, ಆದರೆ ಜಂಬಿಟ್ಟಿಗೆ ಮೇಲಿನ ಗೇಣುದ್ದದ ಮಣ್ಣು ಕೊಚ್ಚಿಹೋದರೆ ಹುಲ್ಲು ಬೇರು ಬಿಡಲು ಏನೂ ಉಳಿಯುವುದಿಲ್ಲ.

ಕಂದಕ ಬೇಡ. ಇಳಿಜಾರಿನಲ್ಲಿ ಅದೇ ಮುಂದಿನ ಮಳೆಗೆ ಕೊರಕಲಾಗುತ್ತದೆ, ಮರಿಗಳು ಬೀಳುತ್ತವೆ. ಅನುಮತಿ ಸಿಕ್ಕ ಮೇಲೆ ದಾರಿಯ ಬಾಯಿಗೆ ದೊಡ್ಡ ಬಂಡೆಗಳನ್ನು 1.2 ಮೀಟರ್ ಅಂತರಕ್ಕೆ, ಮೂರನೇ ಒಂದು ಭಾಗ ಹೂತು ನಿಲ್ಲಿಸಿ. ದನಕುರಿ ನುಸುಳುತ್ತವೆ, ಜೀಪು ನುಸುಳುವುದಿಲ್ಲ. ಬಂಡಿ ದಾರಿಯೊಂದನ್ನು ಮಾತ್ರ ತೆರೆದಿಡಬೇಕು, ಅದು ರೈತರ ಹಕ್ಕು. ಬೈಕಿಗೆ ಬಂಡೆ ಸಾಲದು. ಅಡ್ಡಜಾಡು ಮುಖ್ಯ ದಾರಿಯಿಂದ ಕಾಣುವ ಮೊದಲ 50 ಮೀಟರಿನಲ್ಲಿ ನೆಲ ಕೆದರಿ, ಒಣ ಮುಳ್ಳುಕಂಟಿಗಳನ್ನು ನೆಟ್ಟಗೆ ಹೂತು, ಅಲ್ಲೊಂದು ಜಾಡಿತ್ತು ಎಂಬುದೇ ಕಾಣದಂತೆ ಮಾಡಿ. ಬಳ್ಳಾರಿ ಜಾಲಿಯ ಟೊಂಗೆ ತಂದರೆ ಕಾಯಿ ಇಲ್ಲದ್ದನ್ನೇ ಆರಿಸಿ. ಕಾಯಿ ಉದುರಿದರೆ ಮೂರು ಮಳೆಗಾಲದಲ್ಲಿ ಹುಲ್ಲಿನ ಜಾಗ ಜಾಲಿಯ ಪಾಲಾಗುತ್ತದೆ. ಮುಚ್ಚಿದ ಜಾಡಿನ ಮೇಲಿನ ಅಡ್ಡಸೀಳು ಸಲಾಕೆಗಳನ್ನು ಕೀಳಬೇಡಿ, ಮಣ್ಣು ಮರಳಿ ತುಂಬುತ್ತಿದೆಯೇ ಎಂದು ನೋಡಲು ಮುಂದಿನ ಏಪ್ರಿಲ್‌ಗೆ ಅವೇ ಬೇಕು.